ಹಿಂದೆ ಎಷ್ಟು ಗಾಡಿ?

ಕೆಟಲ್ ವೆಲ್ಸ್ ಊರಿನವರಿಗೆ ಒಂದು ಕಾಯಿಲೆ ಇದೆ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿಯೊಂದು ಕೈಗೆ ಸಿಕ್ಕರೆ ಸಾಕು, ಇಡೀ ಮರುಭೂಮಿ ತಮ್ಮಪ್ಪನ ಆಸ್ತಿ ಅಂದುಕೊಂಡುಬಿಡುತ್ತಾರೆ. ಮೇ ತಿಂಗಳು ಬಂತೆಂದರೆ ಯಾರಾದರೊಬ್ಬರು ಬಂಡೆಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತಾರೆ. ಶೋಧ ತಂಡದವರು ಉಣ್ಣುತ್ತಿದ್ದ ತಟ್ಟೆ ಬಿಟ್ಟು ಹುಡುಕಲು ಓಡುತ್ತಾರೆ. ಸಿಕ್ಕವನು ನೀರು ಕುಡಿದು, ಮೀಸೆ ಒರೆಸಿಕೊಂಡು ಮನೆಗೆ ಹೋಗುತ್ತಾನೆ. ಮುಂದಿನ ಮೇ ತಿಂಗಳಲ್ಲಿ ಮತ್ತೆ ಅದೇ ಬಂಡೆ, ಅದೇ ಮೀಸೆ. ಹೇಳಿ ಹೇಳಿ ಬಾಯಿ ನೋವು ಬಂತು. ಅದಕ್ಕೇ ಈ ಕಥೆ.

ಇದು ವರ್ನಾ ಟಾಲ್ಬರ್ಟ್ ಮನೆಯಲ್ಲಿ ನಡೆದದ್ದು. ಹೆಸರು ಬದಲಾಯಿಸಿ ಬರೆಯೋಣವೇ ಎಂದು ಕೇಳಿದ್ದಕ್ಕೆ ಅವಳು, "ಯಾಕೆ ಬದಲಾಯಿಸ್ತೀರಿ? ನನ್ನ ಗಂಡನ ಹೆಸರು ದಪ್ಪ ಅಕ್ಷರದಲ್ಲಿ ಹಾಕಿ" ಎಂದಳು.

ಅವಳ ಗಂಡ ಕ್ಲೀಟ್. ಊರಿನ ದೊಡ್ಡ ಬೀದಿಯಲ್ಲಿ ಟೈರಿನ ಅಂಗಡಿ ಇಟ್ಟಿದ್ದಾನೆ. ಊರಿನವರು ಏಣಿದಾರಿ ಎಂದು ಕರೆಯುವ ಬಂಡೆಗಳ ದಾರಿಯಲ್ಲಿ ಮೂವತ್ತು ವರ್ಷದಿಂದ ಕೆಂಪು ಜೀಪು ಓಡಿಸುತ್ತಾನೆ. ಮೇ ಕೊನೆಯ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಅವನು ಅಂಗಳದಲ್ಲಿ ಜೀಪಿನ ಸುತ್ತ ಓಡಾಡುತ್ತಿದ್ದಾಗ ಪಕ್ಕದ ಮನೆಯ ರೆನಾಟಾ ಒಚೋವಾ ಬೇಲಿಯ ಬಾಗಿಲು ತಳ್ಳಿಕೊಂಡು ಬಂದಳು. ರೆನಾಟಾ ಶಾಲೆಯ ಬಸ್ ಓಡಿಸುತ್ತಾಳೆ. ಹನ್ನೊಂದು ವರ್ಷದಿಂದ ಶೋಧ ತಂಡದಲ್ಲಿ ಇದ್ದಾಳೆ. ಅವಳ ಕೈಯಲ್ಲಿ ಒಂದು ಚೀಟಿ ಇತ್ತು.

"ಕ್ಲೀಟ್, ಇದರಲ್ಲಿ ನಾಲ್ಕೇ ಗೆರೆ ಇದೆ ನೋಡು. ಯಾವ ದಾರಿ, ಎಷ್ಟು ಗಾಡಿ, ಎಷ್ಟು ಜನ, ಎಷ್ಟೊತ್ತಿಗೆ ವಾಪಸ್. ಬರೆದು ವರ್ನಾ ಕೈಗೆ ಕೊಟ್ಟು ಹೋಗು."

"ನಾನೇನು ನಿನ್ನ ಬಸ್ಸಲ್ಲಿ ಬರೋ ಮಗೂನಾ?" ಎಂದ ಕ್ಲೀಟ್. "ಆ ದಾರೀಲಿ ಒಂದೊಂದು ಕಲ್ಲಿಗೂ ನನ್ನ ಗುರುತಿದೆ."

"ಕಲ್ಲಿಗೆ ಗುರುತಿರುತ್ತೆ ಮಾರಾಯ. ಆದ್ರೆ ಕ್ಲೀಟ್ ಇಲ್ಲಿ ಬಿದ್ದಿದ್ದಾನೆ ಅಂತ ಕಲ್ಲು ಬಂದು ನನಗೆ ಹೇಳಲ್ವಲ್ಲ."

"ಚೀಟಿ ಗೀಟಿ ಎಲ್ಲ ಹೊರಗಿಂದ ಬರೋ ಟೂರಿಸ್ಟುಗಳಿಗೆ ಕೊಡು. ನಮಗೆ ನಮ್ಮ ಪದ್ಧತಿ ಇದೆ."

ಇದ್ದದ್ದು ಹೌದು. ಪದ್ಧತಿಯ ವಿಷಯದಲ್ಲಿ ಕ್ಲೀಟ್ ಭಾರೀ ಕಟ್ಟುನಿಟ್ಟು. ಏಣಿದಾರಿಯಲ್ಲಿ ಎರಡು ಗಾಡಿ ಒಟ್ಟಿಗೆ ಹಾಯಲಾಗದ ಕಿರಿದಾದ ಅಂಚುಗಳಿವೆ. ಆದ್ದರಿಂದ ಎದುರು ಗಾಡಿ ಸಿಕ್ಕಾಗ, ಮುಂದೆ ಇರುವವನು ಕಿಟಕಿಯಿಂದ ಕೈ ಹೊರಗೆ ಹಾಕಿ, ತನ್ನ ಹಿಂದೆ ಎಷ್ಟು ಗಾಡಿ ಬರುತ್ತಿವೆಯೋ ಅಷ್ಟು ಬೆರಳು ತೋರಿಸಬೇಕು. ಕೊನೆಯವನು ಮುಷ್ಟಿ ತೋರಿಸಬೇಕು. ಮುಷ್ಟಿ ಎಂದರೆ, ನನ್ನ ಹಿಂದೆ ಯಾರೂ ಇಲ್ಲ, ನೀವು ನಿಶ್ಚಿಂತೆಯಿಂದ ಹೋಗಿ ಎಂದರ್ಥ. ಇನ್ನೊಂದು ಪದ್ಧತಿ, ದಾರಿ ಕವಲೊಡೆದ ಕಡೆಯೆಲ್ಲ ಹಿಂದಿನವನು ಕನ್ನಡಿಯಲ್ಲಿ ಕಾಣುವ ತನಕ ನಿಲ್ಲಬೇಕು. ಇದನ್ನು ಊರಿನ ಅರ್ಧ ಜನಕ್ಕೆ ಕಲಿಸಿದವನೇ ಕ್ಲೀಟ್. ಯಾರಾದರೂ ತಪ್ಪು ಬೆರಳು ತೋರಿಸಿದರೆ ಗಾಡಿಯಿಂದ ಇಳಿದು ಹೋಗಿ ಬೈದು ಬರುತ್ತಿದ್ದ.

ಅಷ್ಟರಲ್ಲಿ ಹಳೆಯ ಬಿಳಿ ಪಿಕಪ್ ಬಂದು ನಿಂತಿತು. ಆರ್ಲೋ ಇಳಿದ. ಬಾವಿ ಕೊರೆಯುವವನು, ನಲವತ್ತಾರು ವರ್ಷ, ವರ್ನಾಳ ತಮ್ಮ. ಅಮ್ಮ ತೀರಿಕೊಂಡಾಗ ಅವನಿಗೆ ಒಂಬತ್ತು, ವರ್ನಾಗೆ ಇಪ್ಪತ್ತು. ಅವನಿಗೆ ಅನ್ನ ಹಾಕಿ, ಶಾಲೆಗೆ ಕಳಿಸಿ, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು ಅವಳೇ. ಊರಿನವರ ಕಣ್ಣಿಗೆ ತಮ್ಮ, ಅವಳ ಹೊಟ್ಟೆಗೆ ಮಗ.

"ಅಕ್ಕ, ಮಧ್ಯಾಹ್ನ ಏನು ಅಡಿಗೆ?"

"ಮೊದಲು ಬಾ ಕ್ಷೇಮವಾಗಿ. ಜೋಳದ ರೊಟ್ಟಿ, ಹುರುಳಿಕಾಯಿ, ಪೀಚ್ ಹಣ್ಣಿನ ಪೈ ಮಾಡ್ತೀನಿ."

"ಏ, ಬಂಡೆ ಹತ್ತೋ ಮುಂಚೆ ಟೈರಿನ ಗಾಳಿ ಇಳಿಸ್ತೀಯೇನೋ?" ಕ್ಲೀಟ್ ಗದರಿದ. "ಬಂಡೆ ಮೇಲೆ ಗಾಳಿ ತುಂಬಿದ ಟೈರು ಚೆಂಡು ಪುಟಿದ ಹಾಗೆ ಪುಟಿಯುತ್ತೆ. ಅರ್ಧ ಇಳಿಸು."

"ಭಾವ, ಇಳಿಸೋದು, ಆಮೇಲೆ ರಸ್ತೆಗೆ ಬಂದು ಮತ್ತೆ ತುಂಬೋದು, ಯಾರಿಗೆ ಬೇಕು? ನನ್ನ ಗಾಡಿ ನನಗೆ ಗೊತ್ತು."

"ಗೊತ್ತಿದ್ರೆ ಹೋದ ಸಲ ಯಾಕೆ ಜಾರಿದೆ?"

"ಶುರುವಾಯ್ತು ನೋಡಿ ಪ್ರವಚನ," ಎಂದು ಆರ್ಲೋ ರೆನಾಟಾಳ ಕಡೆ ನೋಡಿ ಕಣ್ಣು ಮಿಟುಕಿಸಿದ. ಕ್ಲೀಟ್‌ಗೆ ಮೈಯೆಲ್ಲ ಉರಿಯಿತು. ಇಬ್ಬರೂ ತಮ್ಮ ತಮ್ಮ ಗಾಡಿ ಹತ್ತಿದರು. ಚೀಟಿ ಖಾಲಿಯಾಗಿಯೇ ಮೆಟ್ಟಿಲ ಮೇಲೆ ಉಳಿಯಿತು.

ಹನ್ನೆರಡು ಗಂಟೆಗೆ ಕೆಂಪು ಜೀಪು ಮಾತ್ರ ವಾಪಸ್ ಬಂತು.

"ಆರ್ಲೋ ಎಲ್ಲಿ?" ಎಂದು ವರ್ನಾ ಕೇಳಿದಳು.

"ಹಿಂದೆ ಬರ್ತಿದ್ದಾನೆ," ಎಂದ ಕ್ಲೀಟ್. ಕೈ ತೊಳೆದು ಊಟಕ್ಕೆ ಕೂತ. ರೊಟ್ಟಿ ಮುರಿದ. ಎರಡು ಸಲ ಬಡಿಸಿಕೊಂಡ. ಪೈ ಕೂಡ ತಿಂದ. ವರ್ನಾ ಕಿಟಕಿಯ ಹತ್ತಿರ ಹೋಗುವುದು, ಬರುವುದು ಮಾಡಿದಳು. ಒಂದು ಗಂಟೆಯಾಯಿತು. ಹೊರಗೆ ಬಾಗಿಲ ಹಿಡಿಕೆ ಮುಟ್ಟಲಾಗದಷ್ಟು ಕಾದಿತ್ತು.

"ಹಿಂದೆ ಅಂದ್ರೆ ಎಷ್ಟು ಹಿಂದೆ?"

"ಬರ್ತಾನೆ ಬಿಡೇ. ದೊಡ್ಡ ಗಂಡಸು. ಏನು, ಎತ್ಕೊಂಡು ಬರ್ಬೇಕಿತ್ತಾ?"

ಒಂದೂವರೆಗೆ ವರ್ನಾ ಇನ್ನು ಅವನನ್ನು ಕೇಳಲಿಲ್ಲ. ಸೀದಾ ರೆನಾಟಾಳ ಬಾಗಿಲು ಬಡಿದಳು.

ಶೋಧ ತಂಡದವರು ಸೇರುವುದು ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ. ಹತ್ತು ನಿಮಿಷದಲ್ಲಿ ಒಂಬತ್ತು ಜನ ಬಂದರು. ಅವರಲ್ಲಿ ಇಬ್ಬರು ಮೊಮ್ಮಗುವಿನ ಹುಟ್ಟುಹಬ್ಬ ಬಿಟ್ಟು ಬಂದವರು. ರೆನಾಟಾ ನಕ್ಷೆ ಹರಡಿ ಕ್ಲೀಟ್‌ನನ್ನು ಕೇಳಿದಳು. ಆಗ ವರ್ನಾ ಅಲ್ಲಿರಲಿಲ್ಲ. ಅಂಗಳದ ಆಚೆ ನಿಂತು, ಆರ್ಲೋ ಬೇರೆಲ್ಲಾದರೂ ಹೋದನೋ ಎಂದು ಅವನ ಗೆಳೆಯರಿಗೆಲ್ಲ ಫೋನ್ ಮಾಡುತ್ತಿದ್ದಳು.

"ಅವನನ್ನ ಕೊನೇ ಸಲ ಎಲ್ಲಿ ನೋಡಿದೆ?"

"ಮೂರನೇ ಮೆಟ್ಟಿಲ ಬಂಡೆ ಹತ್ರ. ಹತ್ತಕ್ಕಾಗದೆ ವಾಪಸ್ ಹೋಗಿರ್ತಾನೆ," ಎಂದ ಕ್ಲೀಟ್ ನಕ್ಷೆಯನ್ನೇ ನೋಡುತ್ತಾ.

ರೆನಾಟಾ ರೇಡಿಯೋ ಹಿಡಿದಳು. ಆ ಬೆಳಿಗ್ಗೆ ಹೆದ್ದಾರಿಯ ಕಡೆಯಿಂದ ಮೂರು ಜೀಪುಗಳ ಒಂದು ಗುಂಪು ಏಣಿದಾರಿ ಹತ್ತಿತ್ತು. ಗುಂಪಿನ ಮುಂದಾಳು ಪೆಟಿಗ್ರೂ ಎಂಬ, ಎಪ್ಪತ್ತು ದಾಟಿದ ಹೆಂಗಸು. ಕವಲಲ್ಲಿ ಇನ್ನೊಂದು ದಾರಿ ಹಿಡಿದು ಅವರೀಗ ದೂರದ ಹಳೇ ಗಣಿಯ ಹತ್ತಿರ ಇದ್ದರು.

"ನಿಮಗೆ ಎದುರಿಗೆ ಒಂದು ಕೆಂಪು ಜೀಪು ಸಿಕ್ತಾ ಮೇಡಂ?"

"ಸಿಕ್ತು. ಕವಲಿಗಿಂತ ಸ್ವಲ್ಪ ಕೆಳಗೆ. ಹತ್ತೂಕಾಲು ಇರ್ಬೇಕು."

"ಅದರ ಹಿಂದೆ ಬಿಳಿ ಪಿಕಪ್ ಏನಾದ್ರೂ?"

"ಇಲ್ಲಮ್ಮ. ಆಯಪ್ಪ ಮುಷ್ಟಿ ತೋರಿಸಿದ್ರಲ್ಲ, ಹಿಂದೆ ಯಾರೂ ಇಲ್ಲ ಅಂತ."

ಅಲ್ಲಿಗೆ ತೀರ್ಮಾನವಾಯಿತು. ಬೇರೆ ಯಾರಾದರೂ ತೋರಿಸಿದ್ದರೆ ರೆನಾಟಾ ಇನ್ನೊಮ್ಮೆ ಕೇಳುತ್ತಿದ್ದಳು. ಕ್ಲೀಟ್ ಟಾಲ್ಬರ್ಟ್ ತಪ್ಪು ತೋರಿಸುತ್ತಾನೆಯೇ? ಹಾಗಾದರೆ ಆರ್ಲೋ ನಿಜವಾಗಿಯೂ ವಾಪಸ್ ತಿರುಗಿದ್ದಾನೆ, ಬೆಳಿಗ್ಗೆ ಹತ್ತಲು ಶುರು ಮಾಡಿದ ಕೆಳಗಿನ ಮರಳಿನ ಕಡೆ ಎಲ್ಲೋ ಹೂತು ನಿಂತಿದ್ದಾನೆ ಎಂದು ಲೆಕ್ಕ ಹಾಕಿದಳು. ಎಲ್ಲ ಗಾಡಿಗಳನ್ನೂ ಮರಳಿನ ಕಡೆಗೆ ಕಳಿಸಿದಳು. ಅಲ್ಲಿ ಒಣಗಿದ ಹಳ್ಳಗಳು ಇಪ್ಪತ್ತಕ್ಕೂ ಹೆಚ್ಚು. ಒಂದೊಂದನ್ನೂ ನೋಡಿ ಬರಬೇಕು.

ಕ್ಲೀಟ್ ಎಲ್ಲವನ್ನೂ ಕೇಳಿಸಿಕೊಂಡ. ಬಾಯಿಗೆ ಬೀಗ ಹಾಕಿಕೊಂಡು ನಿಂತ. ಆಗ ಒಂದು ಮಾತು ಆಡಿದ್ದರೆ ಸಾಕಿತ್ತು. ಒಂದೇ ಒಂದು! ಆಡಲಿಲ್ಲ.

ಎರಡೂಮುಕ್ಕಾಲಿಗೆ ವರ್ನಾ ಫೋನ್ ಮುಗಿಸಿ ನಕ್ಷೆಯ ಹತ್ತಿರ ಬಂದಳು.

"ಎಲ್ರನ್ನೂ ಮರಳಿಗೇ ಯಾಕೆ ಕಳಿಸಿದೆ ರೆನಾಟಾ? ಮೇಲೆ ಯಾರು ಹುಡುಕ್ತಿದ್ದಾರೆ?"

"ಮೇಲೆ ಇಲ್ವಲ್ಲ ಅವನು. ಕ್ಲೀಟ್ ಹತ್ತೂಕಾಲಿಗೇ ಮುಷ್ಟಿ ತೋರಿಸಿದ್ದಾನೆ. ಅಂದ್ರೆ ಅಷ್ಟೊತ್ತಿಗಾಗ್ಲೇ ಆರ್ಲೋ ವಾಪಸ್ ಹೋಗಿದ್ದ."

ವರ್ನಾ ನಿಂತಲ್ಲೇ ನಿಂತಳು. ನಿಧಾನವಾಗಿ ಗಂಡನ ಕಡೆ ತಿರುಗಿದಳು.

"ಮುಷ್ಟಿ ತೋರಿಸಿದ್ಯಾ?"

ಕ್ಲೀಟ್ ನಕ್ಷೆಯ ಮೂಲೆ ಮಡಚತೊಡಗಿದ.

"ಅವರಿಗೆ ಹತ್ತೂಕಾಲಿಗೆ ಮುಷ್ಟಿ ತೋರಿಸಿದೆ. ನನಗೆ ಹನ್ನೆರಡು ಗಂಟೆಗೆ, ಹಿಂದೆ ಬರ್ತಿದ್ದಾನೆ ಅಂದೆ. ಎರಡರಲ್ಲಿ ಯಾವುದು ಸುಳ್ಳು?"

"ವರ್ನಾ, ಅದು..."

"ಯಾವುದು ಸುಳ್ಳು ಬೊಗಳೋ!"

ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವಳು ಹೀಗೆ ಕಿರುಚಿದ್ದು ಅದೇ ಮೊದಲು. ಕ್ಲೀಟ್ ಮುಖ ಬಿಳಿಚಿತು. ಆಮೇಲೆ ಒಂದೊಂದಾಗಿ ಹೊರಬಂತು. ಮೂರನೇ ಮೆಟ್ಟಿಲಲ್ಲಿ ಆರ್ಲೋನ ಟೈರು ಜಾರಿತ್ತು. ಹಗ್ಗ ಹಾಕಿ ಎಳೆ ಭಾವ ಎಂದು ರೇಡಿಯೋದಲ್ಲಿ ಕೇಳಿದ್ದ. ಗಾಳಿ ಇಳಿಸು ಅಂದಾಗ ನಕ್ಕೆಯಲ್ಲ, ಈಗ ಇಳಿಸಿಕೊಂಡು ನೀನೇ ಬಾ, ನಾನು ಕವಲಲ್ಲಿ ಇರ್ತೀನಿ ಎಂದು ಕ್ಲೀಟ್ ಮುಂದೆ ಹೋಗಿದ್ದ. ಆಯ್ತು, ಕವಲಲ್ಲೇ ಇರು ಎಂದು ಆರ್ಲೋ ಹೇಳಿದ್ದ. ಕವಲು ತಲುಪಿದರೂ ಕ್ಲೀಟ್‌ನ ಸಿಟ್ಟು ಇಳಿದಿರಲಿಲ್ಲ. ಸ್ವಲ್ಪ ಬೇಯಲಿ ಅಂದುಕೊಂಡು ಹೊರಟುಬಿಟ್ಟಿದ್ದ. ಕೆಳಗೆ ಪೆಟಿಗ್ರೂ ಜೀಪು ಎದುರಾದಾಗ ಒಂದು ಬೆರಳು ಎತ್ತಬೇಕಿತ್ತು.

"ಮನಸ್ಸು ಬರ್ಲಿಲ್ಲ," ಎಂದ. "ಅವನು ನನ್ನ ಜೊತೆ ಇಲ್ಲ ಅಂತ... ಆ ಕ್ಷಣಕ್ಕೆ ಹಾಗನ್ನಿಸ್ತು."

"ಬೇಯಲಿ ಅಂದ್ಯಾ?" ವರ್ನಾಳ ಧ್ವನಿ ಈಗ ತೀರಾ ತಗ್ಗಿತ್ತು. "ಈ ಬಿಸಿಲಲ್ಲಿ? ಆಮೇಲೆ ಬಂದು ನನ್ನ ಪೈ ತಿಂದ್ಯಾ?"

ರೆನಾಟಾ ಆಗಲೇ ರೇಡಿಯೋದಲ್ಲಿ ಕೂಗುತ್ತಿದ್ದಳು. ಮರಳಿನಲ್ಲಿದ್ದವರು ವಾಪಸ್ ಬರುವುದಕ್ಕೇ ಒಂದು ಗಂಟೆ ಬೇಕು. ಹೆದ್ದಾರಿ ಕಡೆಯಿಂದ ಹೋದರೆ ಕವಲು ಬೇಗ ಸಿಗುತ್ತದೆ. ಕೈಯಲ್ಲಿ ಉಳಿದದ್ದು ಎರಡೇ ಗಾಡಿ, ರೆನಾಟಾಳದು ಮತ್ತು ಕ್ಲೀಟ್‌ನ ಜೀಪು.

"ಕೀ ಕೊಡು," ಎಂದಳು ವರ್ನಾ.

"ನೀನು ಆ ದಾರೀಲಿ ಓಡಿಸಿ ಆರು ವರ್ಷ ಆಯ್ತು. ನಾನು..."

"ನೀನು ಪಕ್ಕದಲ್ಲಿ ಕೂರು. ನಿನ್ನ ಕೈಗೆ ಇನ್ನು ಯಾರ ಜೀವಾನೂ ಕೊಡಲ್ಲ."

ಹೆದ್ದಾರಿ ಬಿಟ್ಟು ಬಂಡೆ ಶುರುವಾಗುವ ಕಡೆ ನಿಲ್ಲಿಸಲೇಬೇಕಾಯಿತು. ಮನೆಗೆ ಬರುವಾಗ ಕ್ಲೀಟ್ ಟೈರಿಗೆ ಗಾಳಿ ತುಂಬಿಸಿಕೊಂಡಿದ್ದ. ಈಗ ಅದೇ ಮನುಷ್ಯ ಕಾದ ನೆಲದ ಮೇಲೆ ಮೊಣಕಾಲೂರಿ ನಾಲ್ಕೂ ಟೈರಿನ ಗಾಳಿ ಬಿಡುತ್ತಾ ಕೂತ. ಬುಸ್ ಎಂದು ಹೋಗುವ ಗಾಳಿಯ ಒಂದೊಂದು ನಿಮಿಷವನ್ನೂ ವರ್ನಾ ಹಲ್ಲು ಕಡಿದುಕೊಂಡು ಸಹಿಸಿದಳು. ಬಿಡದೆ ಹೋಗುವಂತಿಲ್ಲ. ಅವಳು ಜಾರಿ ಉರುಳಿದರೆ ಆರ್ಲೋಗೆ ಯಾರೂ ಇಲ್ಲ.

ರೆನಾಟಾ ಮುಂದೆ, ವರ್ನಾ ಹಿಂದೆ. ಪ್ರತಿ ತಿರುವಿನಲ್ಲೂ ರೆನಾಟಾ ನಿಂತು, ಕನ್ನಡಿಯಲ್ಲಿ ಕೆಂಪು ಜೀಪು ಕಂಡ ಮೇಲೆಯೇ ಹೊರಟಳು. ಅಷ್ಟು ಅವಸರದಲ್ಲೂ ನಿಂತಳು. ವರ್ನಾ ಅದನ್ನು ಒಂದೊಂದು ಸಲವೂ ನೋಡಿದಳು.

ಕಡಿಮೆ ಗೇರಿನಲ್ಲಿ ಜೀಪು ನಡಿಗೆಗಿಂತ ನಿಧಾನವಾಗಿ ಹತ್ತಿತು. ಅವಸರ ಮಾಡಿದರೆ ಚಕ್ರ ಸುತ್ತುತ್ತದೆ, ಸುತ್ತಿದರೆ ಜಾರುತ್ತದೆ. ಅಂಚುದಾರಿಯ ಎಡಕ್ಕೆ ಬಂಡೆಯ ಗೋಡೆ, ಬಲಕ್ಕೆ ಏನೂ ಇಲ್ಲ. ಮಧ್ಯದಲ್ಲಿ ಸೊಂಟದೆತ್ತರದ ಒಂದು ಕಲ್ಲು. ಅದರ ಮೇಲೆ ಮುಂದಿನ ಚಕ್ರ ಏರಿದಾಗ ಬಾನೆಟ್ಟಿನ ಆಚೆ ಆಕಾಶ ಬಿಟ್ಟು ಬೇರೇನೂ ಕಾಣಲಿಲ್ಲ. ಯಾರಾದರೂ ಇಳಿದು ಮುಂದೆ ನಿಂತು ಕೈಸನ್ನೆ ಮಾಡಲೇಬೇಕು. ಕ್ಲೀಟ್ ಇಳಿದ. ಎಡಕ್ಕೆ, ಇನ್ನೂ ಎಡಕ್ಕೆ, ನಿಲ್ಲು, ಬಾ ಎಂದು ಕೈ ಆಡಿಸಿದ.

"ಸರಿಯಾಗಿ ತೋರಿಸೋ!" ವರ್ನಾ ಕಿಟಕಿಯಿಂದ ಅರಚಿದಳು. "ಬೆಳಿಗ್ಗೆ ಅದೇ ಕೈಯನ್ನ ನಂಬಿ ಮೂರು ಗಾಡಿ ಜನ ಅವನನ್ನ ಬಿಟ್ಟು ಹೋದ್ರು."

ಕ್ಲೀಟ್ ಈಗ ಸರಿಯಾಗಿ ತೋರಿಸಿದ. ಹಿಂದಿನ ಚಕ್ರ ಕಲ್ಲು ದಾಟಿ ದೊಪ್ಪೆಂದು ಇಳಿಯಿತು. ಅವನು ಓಡಿ ಬಂದು ಹತ್ತಿಕೊಂಡ.

ಕವಲು ತಲುಪಿದಾಗ ನಾಲ್ಕು ಗಂಟೆಯಾಗಲು ಐದು ನಿಮಿಷ. ರೆನಾಟಾಳೇ ಮೊದಲು ಕಂಡದ್ದು. ಒಂದು ಬಂಡೆಯ ಬುಡದಲ್ಲಿ, ಅಂಗೈಯಗಲದ ನೆರಳಿನಲ್ಲಿ ಆರ್ಲೋ ಮುದುಡಿ ಬಿದ್ದಿದ್ದ. ತುಟಿ ಒಡೆದಿತ್ತು. ಮೈ ಕೆಂಡದ ಹಾಗೆ ಸುಡುತ್ತಿತ್ತು, ಬೆವರೇ ಇರಲಿಲ್ಲ. ವರ್ನಾ ತಲೆ ಎತ್ತಿ ಮಡಿಲಲ್ಲಿ ಇಟ್ಟುಕೊಂಡರೆ ಅವನಿಗೆ ಅವಳ ಗುರುತು ಸಿಗಲಿಲ್ಲ. "ಅಮ್ಮ, ಶಾಲೆಗೆ ಹೊತ್ತಾಯ್ತು" ಎಂದ.

"ಆರ್ಲೋ! ನಾನು ಕಣೋ, ಅಕ್ಕ. ಕಣ್ಣು ಬಿಡೋ ನನ್ನಪ್ಪ."

ರೆನಾಟಾ ಅವನ ಅಂಗಿ ಕತ್ತರಿಸಿ, ತಂದ ನೀರನ್ನೆಲ್ಲ ಮೈಮೇಲೆ ಸುರಿದಳು. ಕಂಕುಳಿಗೆ, ಕತ್ತಿಗೆ ಒದ್ದೆ ಬಟ್ಟೆ ಇಟ್ಟು ಬೀಸಿದಳು. ಬಾಯಿಗೆ ನೀರು ಹಾಕಲು ಹೋದ ಕ್ಲೀಟ್‌ನ ಕೈ ತಡೆದಳು. "ಪ್ರಜ್ಞೆ ಸರಿಯಿಲ್ಲ, ಶ್ವಾಸಕ್ಕೆ ಹೋಗುತ್ತೆ. ನೀನು ಹೋಗಿ ಜೀಪು ತಿರುಗಿಸಿ ನೆರಳು ಮಾಡು." ಹೆಲಿಕಾಪ್ಟರ್ ಬರಲು ಇನ್ನೂ ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ವರ್ನಾ ತಮ್ಮನ ತಲೆಯನ್ನು ಮಡಿಲಿಂದ ಇಳಿಸಲಿಲ್ಲ.

ಆರ್ಲೋ ಬದುಕಿದ. ಹದಿನಾರು ದಿನ ಆಸ್ಪತ್ರೆಯಲ್ಲಿದ್ದ. ಮೂತ್ರಪಿಂಡ ಅರ್ಧಕ್ಕರ್ಧ ಕೆಟ್ಟಿತು. ಇನ್ನು ಬಿಸಿಲಲ್ಲಿ ನಿಂತು ಬಾವಿ ಕೊರೆಯುವ ಮಾತೇ ಇಲ್ಲ ಎಂದರು ವೈದ್ಯರು. ಇಪ್ಪತ್ತೈದು ವರ್ಷ ಮಾಡಿದ ಕೆಲಸ, ಬೇರೆ ಕೆಲಸ ಅವನಿಗೆ ಗೊತ್ತಿಲ್ಲ.

ಹನ್ನೆರಡು ದಿನ ಕ್ಲೀಟ್ ಆಸ್ಪತ್ರೆಯ ಮೊಗಸಾಲೆಯಲ್ಲೇ ಕೂತು ಎದ್ದು ಹೋದ. ಒಳಗೆ ಹೋಗಲು ಧೈರ್ಯವಿರಲಿಲ್ಲ. ವರ್ನಾ ಅವನ ಜೊತೆ ಮಾತು ಬಿಟ್ಟಿದ್ದಳು. ಹದಿಮೂರನೆಯ ದಿನ ಅವಳೇ ಅವನ ತೋಳು ಹಿಡಿದು ಒಳಗೆ ತಂದು ಮಂಚದ ಪಕ್ಕ ನಿಲ್ಲಿಸಿದಳು.

"ನೋಡು. ಕಣ್ಣು ಎತ್ತಿ ನೋಡು."

ಆರ್ಲೋ ಅವನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ನಿಮ್ಮ ರೆನಾಟಾ ಹೇಳ್ತಾನೇ ಇರ್ತಾಳೆ, ಗಾಡಿ ಬಿಟ್ಟು ಹೋಗ್ಬೇಡಿ ಅಂತ," ಎಂದ ಆರ್ಲೋ. "ಹಿಂದಿನ ಅಚ್ಚು ಮುರೀತು, ಗಾಡಿ ಬಂಡೆ ಸಂದಿಗೆ ಸಿಕ್ಕಿಕೊಳ್ತು. ರೇಡಿಯೋದಲ್ಲಿ ಕರೆದೆ, ಬಂಡೆ ಅಡ್ಡ ಬಂದು ನಿನಗೆ ಮುಟ್ಟಲಿಲ್ಲ. ಗಾಡೀಲಿ ಎರಡು ಕ್ಯಾನು ನೀರಿತ್ತು ಭಾವ. ಅಲ್ಲೇ ಕೂತಿದ್ರೆ ಎರಡು ದಿನ ಇರ್ಬಹುದಿತ್ತು. ಆದ್ರೆ ಕವಲು ಒಂದೇ ಮೈಲಿ. ಅಲ್ಲಿ ನೀನಿರ್ತೀಯ ಅಂತ ಅರ್ಧ ಬಾಟಲಿ ಹಿಡ್ಕೊಂಡು ನಡೆದೆ. ಹೋಗಿ ನೋಡಿದ್ರೆ ಟೈರಿನ ಗುರುತು ಮಾತ್ರ."

"ವಾಪಸ್ ಗಾಡಿಗೆ ಹೋಗ್ಬಾರ್ದಿತ್ತಾ?" ಎಂದು ಕ್ಲೀಟ್ ಕೇಳಿದ.

"ಹೋಗೋಣ ಅನ್ಕೊಂಡೆ. ಆದ್ರೆ ನಾನು ಹೋದ ಮೇಲೆ ನೀನು ಬಂದುಬಿಟ್ರೆ? ಇಲ್ಲೇ ಎಲ್ಲೋ ಹೋಗಿದ್ದಾನೆ, ಬರ್ತಾನೆ ಅನ್ಕೊಂಡೆ. ಕಾಯ್ತಾ ಕಾಯ್ತಾ ನಡೆಯೋ ಶಕ್ತಿನೇ ಹೋಯ್ತು." ಆರ್ಲೋ ಸ್ವಲ್ಪ ಉಸಿರು ತೆಗೆದುಕೊಂಡ. "ನೀನು ಕವಲಲ್ಲಿ ಎಷ್ಟು ಹೊತ್ತು ಕಾದೆ ಭಾವ?"

"ಹತ್ತು ನಿಮಿಷ."

"ನಾನು ನಾಲ್ಕು ಗಂಟೆ ಕಾದೆ."

ಕ್ಲೀಟ್ ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕುಸಿದ. ಮಗುವಿನ ಹಾಗೆ ಅತ್ತ. ವರ್ನಾ ಅವನನ್ನು ಸಮಾಧಾನ ಮಾಡಲಿಲ್ಲ. ಈಗಲಾದರೂ ಅಳಲಿ ಎಂದು ಬಿಟ್ಟಳು.

ಜೂನ್ ಕೊನೆಯಲ್ಲಿ ಊರಿನ ಜೀಪು ಸಂಘದ ಸಭೆ ಸೇರಿತು. ಕ್ಲೀಟ್ ಎದ್ದು ನಿಂತು ನಡೆದದ್ದನ್ನು ಮೊದಲಿಂದ ಕೊನೆಯವರೆಗೆ ಹೇಳಿದ. ಹಗ್ಗ ಕೇಳಿದರೂ ಕೊಡದೆ ಬಂದದ್ದನ್ನೂ, ನಕ್ಷೆಯ ಮುಂದೆ ಬಾಯಿ ಮುಚ್ಚಿಕೊಂಡು ನಿಂತದ್ದನ್ನೂ ಬಿಡಲಿಲ್ಲ. ಬಿಟ್ಟರೆ ಹೇಳಿಸಲು ವರ್ನಾ ಮೊದಲ ಸಾಲಿನಲ್ಲೇ ಕೂತಿದ್ದಳು.

ಹಿಂದಿನಿಂದ ಒಬ್ಬ, "ಬಿಡು ಕ್ಲೀಟ್, ಸಿಟ್ಟಲ್ಲಿ ಎಲ್ರೂ ಒಂದೊಂದ್ಸಲ ಹಾಗೆ ಮಾಡ್ತಾರೆ" ಎಂದ.

ಕ್ಲೀಟ್ ಮಾತಾಡುವ ಮೊದಲೇ ವರ್ನಾ ಎದ್ದಳು. "ಮಾಡ್ತಾರೆ ಅಂತ ಗೊತ್ತಿದ್ಯಲ್ಲ ನಿನಗೆ? ಹಾಗಾದ್ರೆ ನೀನೂ ಮಾಡಿದ್ದೀಯ. ಯಾರನ್ನ ಬಿಟ್ಟು ಬಂದೆ ಹೇಳು! ಹೆಂಡ್ತೀನಾ, ಅಣ್ಣನ್ನಾ? ಅವರು ಬದುಕಿ ಬಂದಿದ್ದು ನಿನ್ನ ಜಾಣತನ ಅಲ್ಲ, ಅವರ ಅದೃಷ್ಟ."

ಆಮೇಲೆ ರೆನಾಟಾ ತನ್ನ ಚೀಟಿಗಳ ಕಟ್ಟು ಹೊರಗೆ ತೆಗೆದಳು. ಅವತ್ತು ಯಾರೂ ನಗಲಿಲ್ಲ. ಮೊದಲನೆಯ ಚೀಟಿಗೆ ಕೈ ಚಾಚಿದವನು ಕ್ಲೀಟ್. ಈಗ ಅವನ ಅಂಗಡಿಗೆ ಗಾಳಿ ತುಂಬಿಸಲು ಬಂದವರು ಚೀಟಿ ತುಂಬಿ ಮನೆಯಲ್ಲಿ ಕೊಟ್ಟು ಬಂದಿದ್ದಾರೆಯೇ ಎಂದು ಅವನೇ ಕೇಳುತ್ತಾನೆ. ಇಲ್ಲ ಎಂದರೆ ಗಾಳಿ ತುಂಬುವುದಿಲ್ಲ. ಬೈದುಕೊಂಡು ಹೋದವರೂ ಇದ್ದಾರೆ, ಹೋಗಲಿ. ವರ್ನಾ ಅವನ ಜೊತೆ ಮಾತಾಡುತ್ತಾಳೆ, ಅಡಿಗೆ ಮಾಡಿ ಹಾಕುತ್ತಾಳೆ. ಸಿಟ್ಟು ಹೋಗಿದೆಯಾ ಎಂದು ಕೇಳಿದರೆ, "ಇಲ್ಲ, ಹೋಗೋದೂ ಇಲ್ಲ. ಸಿಟ್ಟಿಟ್ಕೊಂಡೇ ಜೊತೇಲಿದ್ದೀನಿ" ಎನ್ನುತ್ತಾಳೆ.

ಈಗ ನಿಮ್ಮ ಸರದಿ. ಇದನ್ನು ಓದುತ್ತಿರುವ ನೀವು ಬರುವ ಭಾನುವಾರ ಮರುಭೂಮಿಗೆ ಹೊರಟವರೇ ಇರಬಹುದು. ಹೊರಡುವ ಮುಂಚೆ ಯಾವ ದಾರಿ, ಎಷ್ಟು ಗಾಡಿ, ಎಷ್ಟು ಜನ, ಎಷ್ಟೊತ್ತಿಗೆ ವಾಪಸ್ ಎಂದು ಬರೆದು ಮನೆಯಲ್ಲಿ ಕೊಟ್ಟು ಹೋಗಿ. ಬಂಡೆ ಹತ್ತುವ ಮೊದಲು ಟೈರಿನ ಗಾಳಿ ಇಳಿಸಿ, ನಿಮ್ಮ ಅಹಂಕಾರವನ್ನೂ ಇಳಿಸಿ. ಗಾಡಿ ಕೆಟ್ಟರೆ ಗಾಡಿಯ ನೆರಳಲ್ಲೇ, ನೀರಿನ ಹತ್ತಿರವೇ ಇರಿ. ಒಂದೇ ಮೈಲಿ ತಾನೇ ಎಂದು ನಡೆಯಬೇಡಿ. ಹುಡುಕುವವರು ಏನಾದರೂ ಕೇಳಿದರೆ ನಾಚಿಕೆ ಬದಿಗಿಟ್ಟು ನಿಜ ಹೇಳಿ. ನೀವು ಮಾನ ಉಳಿಸಿಕೊಳ್ಳಲು ಹೋದ ಒಂದೊಂದು ನಿಮಿಷವೂ ಅಲ್ಲಿ ಇನ್ನೊಬ್ಬರ ಮೈಯಿಂದ ನೀರಾಗಿ ಹೋಗುತ್ತಿರುತ್ತದೆ.

ಬೆರಳು ಸರಿಯಾಗಿ ಎಣಿಸಿ ತೋರಿಸಿ. ಕವಲಲ್ಲಿ ನಿಲ್ಲಿ. ಹಿಂದೆ ಬರುತ್ತಿರುವವರ ಮೇಲೆ ನಿಮಗೆ ಸಿಟ್ಟಿದೆಯೇ? ಇರಲಿ. ಅವರು ಮೂರ್ಖರೇ? ನಿಮ್ಮ ಮಾತು ಕೇಳಲಿಲ್ಲವೇ? ಚೆನ್ನಾಗಿ ಬೈಯಿರಿ. ಆದರೆ ಅವರು ಕಣ್ಣಿಗೆ ಕಾಣುವ ತನಕ ಅಲ್ಲೇ ನಿಂತು, ಸಿಟ್ಟು ಮಾಡಿಕೊಂಡೇ ಕಾಯಿರಿ.